ಮೂರನೆಯದನ್ನು ಬಿಟ್ಟು ನಾಲ್ಕನೆಯದು

ಪರೀಕ್ಷೆ ಅರ್ಧಕ್ಕೆ ನಿಂತಿದೆ. ಕಂಪ್ಯೂಟರ್ ಬೋರ್ಡು ಸುಟ್ಟಿರಬಹುದು. ಸುಟ್ಟಿಲ್ಲವಾದರೆ ಕರೆಂಟಿನ ಏರಿಳಿತಕ್ಕೆ ಅದರ ಮೆಮೊರಿ ಕೆಟ್ಟಿರಬಹುದು. ವೈರು ಸಡಿಲವಾಗಿರಬಹುದು, ವೈರನ್ನು ಇಲಿ ಕಡಿದಿರಬಹುದು, ಇಲಿ ಕಡಿದ ವೈರನ್ನು ನಾನೇ ನೋಡದೆ ಸಿಕ್ಕಿಸಿರಬಹುದು. ಹೋದ ವಾರ ತಿದ್ದಿದ ಯಾವುದೋ ಸಾಲು ಈಗ ಸೇಡು ತೀರಿಸಿಕೊಳ್ಳುತ್ತಿರಬಹುದು. ದಿಂಡಿಗಲ್ಲಿನ ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆಯಬಹುದು. ತೆಗೆಯುವ ಮುನ್ನ ಕರೆದು ಊಟ ಹಾಕಿ ಮರ್ಯಾದೆಯಿಂದ ತೆಗೆಯಬಹುದು, ಅದು ಇನ್ನೂ ಕಷ್ಟ. ಅಥವಾ ಪರೀಕ್ಷೆ ಸರಿಯಾಗಿಯೇ ಮುಗಿದಿದ್ದು, ಪರದೆಯ ಮುಂದೆ ಕುಳಿತ ನಾನೇ ನಿಂತುಹೋಗಿರಬಹುದು. ನನ್ನ ವಯಸ್ಸಿನಲ್ಲಿ ಅದೂ ಆಗುವಂಥದ್ದೇ.

ಇಷ್ಟನ್ನೂ ಒಂದು ಸುತ್ತು ಯೋಚಿಸಿ ಮುಗಿಸುವಷ್ಟರಲ್ಲಿ ಮೂಗಿಗೆ ಒಣಶುಂಠಿಯ ವಾಸನೆ ಬಂತು. ಬೋರ್ಡು ಸುಡುವಾಗ ಒಣಶುಂಠಿಯ ವಾಸನೆ ಬರುತ್ತದೆಯೇ ಎಂದು ಅದಕ್ಕೂ ಒಂದು ಗಳಿಗೆ ಹೆದರಿದೆ. ನೋಡಿದರೆ, ಹೆಂಡತಿ ಶುಂಠಿ ಕಾಫಿಪುಡಿಯ ಪೊಟ್ಟಣವನ್ನು ಮೇಜಿನ ಮೇಲೆ, ಬಿಸಿಯಾಗಿದ್ದ ಬೋರ್ಡಿಗೆ ಒರಗಿಸಿಟ್ಟು ಹೋಗಿದ್ದಳು. ಕಾವಿಗೆ ಶುಂಠಿ, ಮೆಣಸು, ತಾಟಿಬೆಲ್ಲ ಎಲ್ಲ ಒಟ್ಟಿಗೆ ಎದ್ದು ಬಂದಿದ್ದವು. ಕಂಬಂನಲ್ಲಿ ನಮ್ಮ ಮನೆಯ ಎದುರಿಗಿದ್ದ ಅಂಗಡಿಯ ಬಾಗಿಲಲ್ಲಿ ನಿಂತರೆ ಬರುತ್ತಿದ್ದದ್ದು ಇದೇ ವಾಸನೆ. ಒಳಗೆ ಗೋಣಿಚೀಲಗಳ ನಡುವೆ, ಮುರಿದ ಕಾಲನ್ನು ಹಗ್ಗದಿಂದ ಬಿಗಿದ ಸ್ಟೂಲಿನ ಮೇಲೆ ಅಂಗಡಿಯಮ್ಮ ಕುಳಿತಿರುತ್ತಿದ್ದಳು...

ಅವಳಿಗೂ ಒಂದು ಹೆಸರಿದ್ದಿರಬೇಕು. ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವಳು ನಿಜವಾಗಿ ಯಾರೆಂಬುದು ನನಗೆ ತಿಳಿದದ್ದು ಈ ಬೇಸಿಗೆಯಲ್ಲಿ, ಅದೂ ಈ ನಿಂತುಹೋದ ಪರೀಕ್ಷೆಯ ದೆಸೆಯಿಂದ. ಆ ಪೆಟ್ಟಿನಿಂದ ನಾನಿನ್ನೂ ಪೂರ್ತಿ ಎದ್ದಿಲ್ಲ.

ನಮ್ಮವರು ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದುಬರಹವೆಲ್ಲ ತಮಿಳಿನಲ್ಲೇ, ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಕೂದಲು ನರೆಯತೊಡಗಿದ ಮೇಲೆ. ನಮ್ಮ ಬೀದಿಯಲ್ಲಿ ಎಲ್ಲ ಕುಲದವರೂ ಇದ್ದರು. ಅಂಗಡಿಯಮ್ಮ ಬಂದವರ ಹತ್ತಿರವೆಲ್ಲ ತಮಿಳಿನಲ್ಲಿ ಮಾತಾಡಿ, ನಾನು ಹೋದರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದಳು. ಅವಳ ಗಂಡನಿಗೆ ತಮಿಳು ಬಿಟ್ಟರೆ ಬೇರೆ ಬಾರದು. ಅವಳ ಕನ್ನಡವೋ, ಥೇಟು ನಮ್ಮಜ್ಜಿಯ ಕನ್ನಡ. ಅದೇ ಎಳೆತ, ಅದೇ ಬೈಗುಳ. ಒಮ್ಮೆ ಕೇಳಿಯೇಬಿಟ್ಟಿದ್ದೆ, ನಿಮಗೆ ನಮ್ಮ ಮಾತು ಹೇಗೆ ಬರುತ್ತದೆ ಎಂದು. ಅವಳು ತಕ್ಕಡಿಯ ಮುಳ್ಳನ್ನೇ ನೋಡುತ್ತ, "ಎದ್ರು ಮನೇಲಿ ಆಡೋದ ಕೇಳೀ ಕೇಳೀ ಬಂತು ಸಾಮಿ" ಎಂದಳು. ಎಷ್ಟು ಬುದ್ಧಿವಂತೆ, ಕೇಳಿಯೇ ಒಂದು ಭಾಷೆ ಕಲಿತಳಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ.

ಅಜ್ಜಿ ನನ್ನನ್ನು ದಿನವೂ ಅಲ್ಲಿಗೆ ಕಳಿಸುತ್ತಿದ್ದಳು. "ಓಗಿ ಒಸಿ ಉಪ್ಪು ತಕೊಂಬಾ." ಮನೆಯಲ್ಲಿ ಉಪ್ಪಿನ ಜಾಡಿ ಬಾಯಿತನಕ ತುಂಬಿರುತ್ತಿತ್ತು. ತಂದು ಕೊಟ್ಟರೆ ಪೊಟ್ಟಣ ಬಿಚ್ಚುವ ಮೊದಲೇ, "ಏನಂದ್ಳು?" ಎಂದು ಕೇಳುವಳು. ಅಲ್ಲಿ ಹೋದರೆ ಅಂಗಡಿಯಮ್ಮ, "ಅಜ್ಜಿ ಉಂಡ್ರಾ? ಕಾಲುನೋವು ಎಂಗೈತೆ?" ಎಂದು ವಿಚಾರಿಸುವಳು. ನಾನು ಇಬ್ಬರಿಗೂ ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಇಬ್ಬರಿಗೂ ಊರ ಉಸಾಬರಿ ಜಾಸ್ತಿ ಎಂಬುದು ಆಗಿನ ನನ್ನ ತೀರ್ಮಾನ. ಅಪ್ಪ ಮಾತ್ರ ಬೀಡಿ ಬೇಕಾದರೂ ಎದುರಿನ ಅಂಗಡಿಗೆ ಹೋಗದೆ ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದ. ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ಇರಬೇಕು ಅಂದುಕೊಂಡಿದ್ದೆ... ಬೀಡಿ ಸೇದುವವನ ಆರೋಗ್ಯ.

ಇರಲಿ, ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ.

ದಿಂಡಿಗಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವುದನ್ನು ಬಿಟ್ಟ ಮೇಲೆ ನಾನೀಗ ತೇನಿಯ ಮನೆಯಲ್ಲೇ ಕುಳಿತು ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಈ ಕಣಿವೆಯ ದ್ರಾಕ್ಷಿಯನ್ನು ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜುಗಳಿಗೆ ಅವರು ಪುಟ್ಟ ಕಂಪ್ಯೂಟರ್ ಬೋರ್ಡು ಮಾಡುತ್ತಾರೆ. ಅದರೊಳಗಿನ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಕರ್ನಲ್ಲಿನ ಜೊತೆಗೇ ಪರೀಕ್ಷೆಗಳೂ ಬರುತ್ತವೆ. ಎಲ್ಲೆಲ್ಲಿಯವರೋ ಬರೆದು ಎಲ್ಲರಿಗೂ ತೆರೆದಿಟ್ಟ ಕೋಡು ಅದು. ಬೋರ್ಡು ಹೊರಗೆ ಹೋಗುವ ಮೊದಲು ಆ ಪರೀಕ್ಷೆಗಳನ್ನು ಓಡಿಸಿ ನೋಡುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು.

ಈ ಬೋರ್ಡಿನಲ್ಲಿ ನಾಲ್ಕು ಪ್ರೊಸೆಸರುಗಳಿದ್ದವು. ನಾಲ್ಕೂ ಎಚ್ಚರವಿದ್ದರೆ ಕಾವೇರುತ್ತದೆಂದು ಒಂದನ್ನು, ಮೂರನೆಯದನ್ನು, ಮಲಗಿಸಿದ್ದರು. (ಕಂಪ್ಯೂಟರಿನವರು ಸೊನ್ನೆಯಿಂದ ಎಣಿಸುತ್ತಾರೆ, ನಾನಿಲ್ಲಿ ಮನುಷ್ಯರಂತೆ ಒಂದರಿಂದ ಎಣಿಸುತ್ತೇನೆ.) ಪರೀಕ್ಷೆ ಶುರುವಾದ ಕೂಡಲೇ ಕರ್ನಲನ್ನು ಕೇಳುತ್ತದೆ, ಎಚ್ಚರವಿರುವವರು ಎಷ್ಟು? ಮೂರು ಎಂಬ ಉತ್ತರ ಬರುತ್ತದೆ. ಉತ್ತರ ಸರಿಯೇ. ಹಾಗಾದರೆ ಅವರು ಒಂದು, ಎರಡು, ಮೂರು ಎಂದೇ ಇರಬೇಕು ಅಂದುಕೊಂಡು ಅದು ಒಂದನ್ನು ಕೂಗುತ್ತದೆ, ಓಗೊಡುತ್ತದೆ. ಎರಡನ್ನು ಕೂಗುತ್ತದೆ, ಓಗೊಡುತ್ತದೆ. ಮೂರನ್ನು ಕೂಗುತ್ತದೆ... ಮೂರು ಮಲಗಿದೆ. ಪರೀಕ್ಷೆ ಅಲ್ಲೇ ನಿಂತು ಕಾಯುತ್ತದೆ. ಎಚ್ಚರವಾಗಿಯೇ ಇರುವ ನಾಲ್ಕನೆಯದರ ಸರದಿ ಬರುವುದೇ ಇಲ್ಲ.

ಸುಟ್ಟ ಬೋರ್ಡೂ ಅಲ್ಲ, ಇಲಿಯೂ ಅಲ್ಲ. ಎಣಿಕೆ. ಇದನ್ನು ಪತ್ತೆ ಮಾಡಿದ ಖುಷಿಯಲ್ಲಿ ಹೆಂಡತಿಯನ್ನು ಕರೆದು ವಿವರಿಸತೊಡಗಿದೆ. ಅವಳು ದಿಂಡಿಗಲ್ಲಿನವಳು, ನಮ್ಮ ಕುಲದವಳೇ. ಪ್ರೊಸೆಸರ್ ಎಂದ ಕೂಡಲೇ ಅವಳ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಅದಕ್ಕೆ ಮನೆಯ ಉದಾಹರಣೆಯನ್ನೇ ಎತ್ತಿಕೊಂಡೆ.

"ನಮ್ಮ ಅತ್ತೆಯರನ್ನೇ ತಕೋ. ನಾನು ಚಿಕ್ಕವನಿದ್ದಾಗ ಮನೆಗೆ ಬರ್ತಿದ್ದವ್ರು ಮೂರು ಜನ. ದೊಡ್ಡತ್ತೆ, ಎರಡ್ನೇ ಅತ್ತೆ, ನಾಕ್ನೇ ಅತ್ತೆ. ಯಾರೋ ಬಂದು, ಮೂರು ಜನ ಅಂತ ಕೇಳಿಕೊಂಡು, ಮೊದಲ್ನೇವ್ರು ಬನ್ನಿ, ಎರಡ್ನೇವ್ರು ಬನ್ನಿ, ಮೂರ್ನೇವ್ರು ಬನ್ನಿ ಅಂತ ಊಟಕ್ಕೆ ಕೂಗಿದ್ರೆ? ನಾಕ್ನೇ ಅತ್ತೆ ಕಾದೂ ಕಾದೂ ಕೂತಿರ್ತಾರೆ."

"ಅವ್ರು ಕಾಯೋ ಪೈಕಿ ಅಲ್ಲ," ಎಂದಳು. "ಮೂರ್ನೇವ್ರು ಎಲ್ಲಿ?"

"ಸಣ್ಣದ್ರಲ್ಲೇ ಹೋಗಿರ್ಬೇಕು."

"ಹೋಗಿರ್ಬೇಕೋ, ಹೋದ್ರೋ?"

ನಾನು ಪರದೆಯ ಕಡೆ ತಿರುಗಿದೆ.

"ಇಲ್ಲದ ಇಲಿಗೆಲ್ಲ ಚಿಂತೆ ಮಾಡ್ತೀರಾ. ಮನೆ ಮನುಷ್ಯರನ್ನ ಕೇಳಕ್ಕೆ ಇಷ್ಟು ವರ್ಷ ಆಗ್ಲಿಲ್ವಾ?" ಎಂದು ಅವಳು ಪೊಟ್ಟಣ ಎತ್ತಿಕೊಂಡು ಒಳಗೆ ಹೋದಳು.

ಕೇಳದಿರುವುದಕ್ಕೆ ಕಾರಣವಿತ್ತು. ನಮ್ಮಲ್ಲಿ ಮಕ್ಕಳನ್ನು ಹುಟ್ಟಿದ ಸರದಿಯಲ್ಲೇ ಕರೆಯುವುದು, ಮೊದಲನೆಯವಳು, ಎರಡನೆಯವಳು ಎಂದು. ನಡುವೆ ಒಂದು ಮಗು ಹೋದರೆ ಕೆಳಗಿನವರು ಮೇಲಕ್ಕೆ ಜರುಗುವುದಿಲ್ಲ. ನಾಲ್ಕನೆಯದು ಸಾಯುವವರೆಗೂ ನಾಲ್ಕನೆಯದೇ. ಎಷ್ಟು ಮಕ್ಕಳು ಎಂದು ಕೇಳಿದರೆ ನಮ್ಮ ಮುದುಕಿಯರು, "ಹೆತ್ತದ್ದು ಆರು, ಉಳಿದದ್ದು ನಾಕು" ಎಂದು ಎರಡನ್ನೂ ಸೇರಿಸಿ ಹೇಳುತ್ತಾರೆ. ಹೊರಗಿನವರಾದರೆ ನಡುವಿನ ಖಾಲಿ ಜಾಗ ಕಂಡು ಕೇಳಿಯಾರು. ನಾವು ಕೇಳುವುದಿಲ್ಲ. ಖಾಲಿ ಎಂದರೆ ಸಾವು ಎಂದು ನಮಗೆ ಹುಟ್ಟಿನಿಂದಲೇ ಗೊತ್ತು. ಸುಮ್ಮನೆ ಲೊಚಗುಟ್ಟಿ ಮುಂದಿನ ಮಾತಿಗೆ ಹೋಗುತ್ತೇವೆ. ಆದರೆ ಹೆಂಡತಿ ಎದ್ದುಹೋದ ಮೇಲೆ ಒಂದು ವಿಷಯ ತಲೆಗೆ ಬಂತು. ನಮ್ಮಜ್ಜಿ ಯಾವಾಗಲೂ "ಹೆತ್ತದ್ದು ಐದಪ್ಪ" ಎಂದಷ್ಟೇ ಹೇಳುತ್ತಿದ್ದಳು. ಉಳಿದದ್ದು ಎಷ್ಟು ಎಂಬ ಉಳಿದರ್ಧ ಅವಳ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ.

ಐವರಲ್ಲಿ ಈಗ ಉಳಿದಿರುವವಳು ನಾಲ್ಕನೇ ಅತ್ತೆ ಒಬ್ಬಳೇ, ಕೊಂಬೈಯಲ್ಲಿ. ಐದನೆಯವನಾದ ನಮ್ಮಪ್ಪನೂ ಹೋದ. ಮಾರನೆಯ ದಿನವೇ ಬಸ್ಸು ಹತ್ತಿದೆ. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, ಏನೋ ನೆನಪಾದವನ ಹಾಗೆ, ಮೂರನೆಯವರು ಯಾರು ಎಂದು ಕೇಳಿದೆ.

"ಯಾವ ಮೂರ್ನೇದು?" ಎಂದಳು, ತಲೆ ಎತ್ತದೆ.

"ನೀವು ನಾಕ್ನೇವ್ರಲ್ಲ ಅತ್ತೆ. ನಿಮ್ಗಿಂತ ಮುಂಚೆ ಹುಟ್ಟಿದ್ದು."

ಅವಳ ಕೈ ನಿಂತಿತು. "ಏನ್ಲಾ ರಾಸಾ, ಎಗತಾಳಿನಾ?"

"ಇಲ್ಲ ಅತ್ತೆ, ನಂಗೆ ನಿಜವಾಗ್ಲೂ ಗೊತ್ತಿಲ್ಲ."

"ದಿನಾ ಅಲ್ಲಿಗೇ ಓಡ್ತಿದ್ದೆ. ಅವಳ ಕೈ ಬೆಲ್ಲ ತಿಂದೇ ಇಷ್ಟೆತ್ರ ಬೆಳ್ದೆ. ಗೊತ್ತಿಲ್ಲ ಅಂದ್ರೆ ಯಾರ್ಲಾ ನಂಬ್ತಾರೆ? ಎದ್ರು ಅಂಗ್ಡಿಕಾರಿ. ನಮ್ಮಕ್ಕ."

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿವಿಯೊಳಗೆ ಗುಂಯ್ ಎಂದಿತು. ಬಿಪಿ ಏರಿರಬೇಕೆಂದು ನನ್ನ ನಾಡಿಯನ್ನು ನಾನೇ ಹಿಡಿದುಕೊಂಡು ಕುಳಿತೆ. ಅತ್ತೆ ಒಂದು ಚೊಂಬು ನೀರು ತಂದು ಮುಂದಿಟ್ಟಳು.

"ಯಾರ್ಯಾರಿಗೆ ಗೊತ್ತಿತ್ತು?" ಎಂದೆ.

"ಯಾರಿಗೆ ಗೊತ್ತಿರ್ಲಿಲ್ಲ ಕೇಳು. ಬೀದಿ ನಾಯಿಗೂ ಗೊತ್ತಿತ್ತು."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಗೊತ್ತಿರೋದ್ನ ಯಾರಾದ್ರೂ ಏಳ್ತಾರಾ?"

ಅವಳೇ ಒಂದೊಂದಾಗಿ ಹೇಳಿದಳು. ಮದುವೆಯ ಮಾತು ನಡೆಯುತ್ತಿದ್ದಾಗ ಮೂರನೆಯವಳು ಕೊಡೈಕಾನಲ್ಲಿನಿಂದ ತರಕಾರಿ ಇಳಿಸುವ ಲಾರಿಯ ಡ್ರೈವರನ ಜೊತೆ ಹೋದಳು. ನಮ್ಮ ಕುಲದವನಲ್ಲ. ಇನ್ನು ಅವಳು ಈ ಮನೆಯ ಎಣಿಕೆಯಲ್ಲಿಲ್ಲ ಎಂದು ಅಜ್ಜ ಕುಲದವರ ಮುಂದೆ ಹೇಳಿ ಕೈ ತೊಳೆದ. ಕೆಲವು ಕಾಲದ ಮೇಲೆ ಅವಳು ಗಂಡನನ್ನು ಕರೆದುಕೊಂಡು ಬಂದು, ಬೇರೆ ಎಲ್ಲೂ ಅಲ್ಲ, ತವರುಮನೆಯ ಬಾಗಿಲಿಗೆ ಸರಿಯಾಗಿ ಎದುರಿನಲ್ಲೇ ಅಂಗಡಿ ಹಿಡಿದಳು.

"ಪಿಡಿವಾದ ಅವಳ್ದು, ಒಂದೇ ಅಟ," ಎಂದಳು ಅತ್ತೆ. "ಊರು ಬಿಟ್ಟು ಓಗು ಅಂದ್ರೆ, ನಾನು ನಿಮ್ಮನೆ ಒಳಿಕ್ಕೆ ಬರಾಕಿಲ್ಲ, ಅವ್ವನ ಮುಖ ಕಾಣೋ ಜಾಗ ಬಿಟ್ಟು ಓಗಾಕೂ ಇಲ್ಲ ಅಂದ್ಳು. ಅಷ್ಟೇ. ಅವ್ವ ಸಾಯೋಗಂಟ ಇಬ್ರೂ ಒಂದು ಮಾತಾಡ್ಲಿಲ್ಲ."

ಮಾತಾಡಿದ್ದರು. ನನ್ನ ಬಾಯಿಂದ, ದಿನವೂ, ಉಪ್ಪಿನ ನೆಪದಲ್ಲಿ. ತಂತಿಯ ಮೇಲೆ ಸುದ್ದಿ ಹೋಗುತ್ತದೆ, ಬರುತ್ತದೆ. ತಂತಿಗೆ ಏನು ಗೊತ್ತಾಗುತ್ತದೆ...

"ನಿಮ್ಮಜ್ಜಿ ಮಣ್ಣಿಗೋದ ದಿನ ನೆಪ್ಪಿಲ್ವಾ?" ಎಂದಳು ಅತ್ತೆ. "ಅಕ್ಕಿ ತಟ್ಟೆ ನಿನ್ನ ಕೈಲೇ ಇತ್ತಲ್ಲ."

ನೆನಪಿತ್ತು. ಆಗ ನಾನು ದಿಂಡಿಗಲ್ಲಿನಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ಬಂದು ಓಡಿ ಬಂದಿದ್ದೆ. ನಮ್ಮಲ್ಲಿ ಹೆತ್ತವಳನ್ನು ಎತ್ತುವ ಮುನ್ನ ಹೆಣ್ಣುಮಕ್ಕಳು ಹುಟ್ಟಿದ ಸರದಿಯಲ್ಲಿ ಬಂದು ಬಾಯಿಗೆ ಅಕ್ಕಿ ಹಾಕಬೇಕು. ಕುಲದ ಹಿರಿಯರೊಬ್ಬರು ಸರದಿ ಕೂಗುತ್ತಾರೆ. ಅಂದು ಕೂಗಿದವರಿಗೆ ಎರಡೂ ಕಣ್ಣಿಗೆ ಪೊರೆ. ನಾನು ತಟ್ಟೆ ಹಿಡಿದು ತಲೆಯ ಹತ್ತಿರ ನಿಂತು, ಇಷ್ಟು ಜನಕ್ಕೆ ಅಕ್ಕಿ ಸಾಲುತ್ತದೋ ಇಲ್ಲವೋ ಎಂದು ಚಿಂತಿಸುತ್ತಿದ್ದೆ.

"ಮೊದಲ್ನೇವಳು ಬಾ," ಎಂದರು. ದೊಡ್ಡತ್ತೆ ಬಂದಳು. "ಎರಡ್ನೇವಳು ಬಾ." ಎರಡನೇ ಅತ್ತೆ ಬಂದಳು. "ಮೂರ್ನೇ..." ಎಂದು ಬಾಯಿ ತಪ್ಪಿ ಅಂದು, ನಿಲ್ಲಿಸಿದರು. ಅಳುತ್ತಿದ್ದವರೂ ಅಳು ನಿಲ್ಲಿಸಿದರು. ಹೊರಬಾಗಿಲ ಬಳಿ, ಬೇವಿನ ಮರದ ಕೆಳಗೆ ಬೀದಿಯವರೊಂದಿಗೆ ನಿಂತಿದ್ದ ಅಂಗಡಿಯಮ್ಮ ಕಾಲಿನ ಚಪ್ಪಲಿ ಬಿಟ್ಟಳು. ಅವಳ ಬಲಗೈ ಆಗಲೇ ಮುಷ್ಟಿ ಕಟ್ಟಿತ್ತು, ಮನೆಯಿಂದಲೇ ಅಕ್ಕಿ ತಂದಿದ್ದಳು. ಹಿರಿಯರು ಗಂಟಲು ಸರಿಮಾಡಿಕೊಂಡು, "ನಾಕ್ನೇವಳು ಬಾ" ಎಂದರು. ಅಂಗಡಿಯಮ್ಮ ಬಗ್ಗಿ ನೋಡಿ, ಒಂದೊಂದೇ ಕಾಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ಅದನ್ನು ನಾನು ನೋಡಿದ್ದೆ. ಕಣ್ಣಾರೆ ನೋಡಿದ್ದೆ. ಆ ಗುಂಪಿನಲ್ಲಿ ಪಾಪ ಚಪ್ಪಲಿ ಕಳೆದುಹೋಗುತ್ತದೆಂದು ಮತ್ತೆ ಹಾಕಿಕೊಂಡಳು ಎಂದೇ ತಿಳಿದಿದ್ದೆ.

"ಅವರು ಈಗ..." ಎಂದೆ. ಅಜ್ಜಿ ಹೋದ ಮೇಲೆ ಒಮ್ಮೆ ಊರಿಗೆ ಬಂದಾಗ ಅಂಗಡಿಗೆ ಬೀಗ ಬಿದ್ದಿತ್ತು. ಎಲ್ಲೋ ಬೇರೆ ಕಡೆ ವ್ಯಾಪಾರ ಹಿಡಿದಿರಬೇಕೆಂದು ಆಗ ಅಂದುಕೊಂಡಿದ್ದೆ.

"ತೀರೋದ್ಳು. ಪಳನಿಯಾಗೆ, ಗಂಡನ ಜನರ ತಾವ. ಅಂಗಡಿ ಮುಚ್ಚಿ ಅಲ್ಲಿಗೆ ಓಗಿದ್ಳು. ಅವ್ವ ಇಲ್ದ ಮೇಲೆ ಎದುರಲ್ಲಿ ಕೂತು ಏನ್ ಮಾಡ್ತಾಳೆ?" ಅತ್ತೆ ಹುಣಸೆಯ ನಾರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾನು ಓಗಿದ್ದೆ. ಯಾರಿಗೂ ಏಳ್ದೆ, ಮುರುಗನ್ನ ನೋಡಾಕೆ ಓಯ್ತೀನಿ ಅಂತ ಓದೆ. ಅಕ್ಕಿ ತಕೊಂಡೇ ಓದೆ. ಅವ್ರಲ್ಲಿ ಎಣಿಸಿ ಕೂಗೋ ವಾಡಿಕೆ ಇಲ್ಲ ಕಣ್ಲಾ. ಯಾರ್ ಬೇಕಾದ್ರೂ ಆಕ್ಬೋದು. ನಾನೂ ಗುಂಪಲ್ಲಿ ಆಕಿ ಬಂದೆ."

ಕೊಂಬೈಯಿಂದ ತೇನಿಗೆ ವಾಪಸು ಬರುವಾಗ ಬಸ್ಸು ಎಲ್ಲೆಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಮಲಗಿಸಿದ ಪ್ರೊಸೆಸರು ಸತ್ತದ್ದಲ್ಲ. ಅದು ತನ್ನ ಜಾಗದಲ್ಲೇ ಇರುತ್ತದೆ, ಅದರ ನಂಬರು ಅದಕ್ಕೇ ಇರುತ್ತದೆ, ಯಾರೂ ಕೂಗುವುದಿಲ್ಲ ಅಷ್ಟೆ ಎಂದು ಪಾಲಿಟೆಕ್ನಿಕ್ಕಿನ ಹುಡುಗರಿಗೆ ವರ್ಷ ವರ್ಷವೂ ಪಾಠ ಹೇಳಿದವನು ನಾನು. ಬಾಯಿಪಾಠವಾಗಿತ್ತು.

ತಿದ್ದುವ ಕೆಲಸ ದೊಡ್ಡದೇನಲ್ಲ. ಎಷ್ಟು ಜನ ಎಂದು ಕೇಳುವ ಕಡೆ ಯಾರ್ಯಾರು ಎಂದು ಕೇಳುವ ಹಾಗೆ ಬದಲಿಸಿದೆ. ಈಗ ಪರೀಕ್ಷೆ ಒಂದನ್ನು ಕೂಗಿ, ಎರಡನ್ನು ಕೂಗಿ, ನೇರ ನಾಲ್ಕಕ್ಕೆ ಹೋಗುತ್ತದೆ. ಆ ಕೋಡನ್ನು ನೋಡಿಕೊಳ್ಳುವವರಿಗೆ ಕಳಿಸುವ ಮೊದಲು ಹತ್ತು ಸಲ ನೋಡಿದೆ, ಯಾರಾದರೂ ಬೈಯಬಹುದೆಂದು ಹೆದರಿದೆ. ಯಾರೂ ಬೈಯಲಿಲ್ಲ. ಎಲ್ಲಿಯವರೋ ಒಬ್ಬರು, ಸರಿಯಾಗಿದೆ, ಸೇರಿಸಿಕೊಂಡಿದ್ದೇವೆ ಎಂದು ಬರೆದರು. ಬೋರ್ಡು ಪಾಸಾಯಿತು. ಪಾಸಾದದ್ದನ್ನು ನೋಡುತ್ತ ಕುಳಿತವನಿಗೆ ಸಮಾಧಾನವಾಗಲಿಲ್ಲ. ತಪ್ಪಿದ್ದ ಕೋಡು ಮೂರನೆಯದರ ಹತ್ತಿರ ಕಾದು ನಿಲ್ಲುತ್ತಿತ್ತು. ನಾನು ತಿದ್ದಿದ್ದು ನಿಲ್ಲುವುದಿಲ್ಲ.

ಅದಾಗಿ ಎರಡು ತಿಂಗಳಿಗೆ, ಹೋದವರಿಗೆ ಎಡೆ ಇಡುವ ಆಡಿ ಅಮಾವಾಸ್ಯೆ ಬಂತು. ನಮ್ಮಲ್ಲಿ ಹೆಣ್ಣುಮಕ್ಕಳು ಯಾವ ಮನೆ ಸೇರಿದ್ದರೂ, ಸತ್ತ ಮೇಲೆ ಈ ದಿನ ತವರಲ್ಲಿ ಅವರಿಗೆ ಒಂದು ಎಲೆ ಉಂಟು. ಅಜ್ಜ ಅಜ್ಜಿಯ ಎಲೆಗಳ ಪಕ್ಕದಲ್ಲಿ ಮಕ್ಕಳ ಎಲೆ, ಹುಟ್ಟಿದ ಸರದಿಯಲ್ಲೇ. ಅಪ್ಪ ಹೋದ ಮೇಲೆ ಎಲೆ ಹಾಕುವವನು ನಾನು. ಎರಡನೆಯ ಅತ್ತೆಯ ಎಲೆಗೂ ಅಪ್ಪನ ಎಲೆಗೂ ನಡುವೆ ಈ ಸಲ ಇನ್ನೊಂದು ಹಾಕುವುದೆಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೆ ನನ್ನ ಪದ್ಧತಿಯಂತೆ ಹೆದರಿದೆ. ಬರುವ ದಾಯಾದಿಗಳು ಎದ್ದುಹೋಗಬಹುದು. ದೊಡ್ಡತ್ತೆಯ ಮಗ ಜಗಳ ತೆಗೆಯಬಹುದು. ಅಜ್ಜ ಕೈ ತೊಳೆದುಕೊಂಡದ್ದನ್ನು ಯಾರಾದರೂ ಎತ್ತಿ ಆಡಬಹುದು. ಕೊಂಬೈಗೆ ಫೋನ್ ಮಾಡಿ ಕೇಳಿದರೆ ನಾಲ್ಕನೇ ಅತ್ತೆ, "ಆಕು ರಾಸಾ. ಈಗ ಯಾರೈತಾರೆ ಕೇಳಾಕೆ," ಎಂದು ಇಟ್ಟುಬಿಟ್ಟಳು.

ನಿಜವಾಗಿಯೂ ಯಾರೂ ಕೇಳಲಿಲ್ಲ. ದೊಡ್ಡತ್ತೆಯ ಮಗ ಎಲೆಗಳನ್ನು ಎಣಿಸಿದ, ನನ್ನ ಮುಖ ನೋಡಿದ, "ಮೂರ್ನೇವ್ರಿಗಾ?" ಎಂದ. ಹೌದು ಎಂದೆ. ಅವನು ಎದ್ದು ಆ ಎಲೆಗೆ ತಾನೇ ನೀರು ಚಿಮುಕಿಸಿ ಒರೆಸಿದ. ಅವನಿಗೂ ಗೊತ್ತಿತ್ತು.

ಅನ್ನ, ಸಾರು, ಪಲ್ಯ ಎಲ್ಲ ಎಲೆಗೂ ಬಿತ್ತು. ಆಮೇಲೆ ಹೋದವರಿಗೆ ಅವರವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನು ಇಡಬೇಕು. ಹೆಂಡತಿ ದೊಡ್ಡತ್ತೆಯ ಎಲೆಗೆ ಕಜ್ಜಾಯ ಇಟ್ಟಳು, ಎರಡನೇ ಅತ್ತೆಗೆ ಬಾಳೆಕಾಯಿ ಹುರಿದದ್ದು, ನಡುವಿನ ಎಲೆಯನ್ನು ಆಮೇಲೆ ಎಂದು ದಾಟಿ ಅಪ್ಪನಿಗೆ ವಡೆ. ಹಿಂದಿರುಗಿ ಬಂದು ಆ ಎಲೆಯ ಮುಂದೆ ಬಗ್ಗಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡು ನನ್ನತ್ತ ನೋಡಿದಳು.

"ಇವ್ರಿಗೆ ಏನು ಇಷ್ಟ?"

ದೊಡ್ಡತ್ತೆಯ ಮಗನೂ ನನ್ನನ್ನೇ ನೋಡಿದ. ಅವನಿಗೆ ಗೊತ್ತಿರಲಿಲ್ಲ. ನಾಲ್ಕನೇ ಅತ್ತೆಗೆ ಅಲ್ಲಿಂದಲೇ ಫೋನ್ ಮಾಡಿದೆ. "ಅಯ್ಯೋ, ಸಣ್ಣವಳಿದ್ದಾಗ ಏನೋ ಕೇಳ್ತಿದ್ಳು... ನೆಪ್ಪಿಗೆ ಬರಾಕಿಲ್ವಲ್ಲ" ಎಂದಳು. ಪಳನಿಯಲ್ಲಿ ಯಾರನ್ನು ಕೇಳುವುದೆಂದು ನನಗೆ ತಿಳಿಯದು. ಅಷ್ಟು ವರ್ಷ ದಿನವೂ ಹೋಗಿ ಎದುರಿಗೆ ನಿಂತಿದ್ದೆ, ಅವಳು ಎಲ್ಲರಿಗೂ ಕಟ್ಟಿ ಕೊಡುವುದನ್ನು ನೋಡಿದ್ದೆ. ಅವಳು ಏನಾದರೂ ತಿಂದದ್ದನ್ನು ನೋಡಿರಲಿಲ್ಲ.

ಹೆಂಡತಿ ತಟ್ಟೆ ಹಿಡಿದುಕೊಂಡು ಇನ್ನೂ ಬಗ್ಗಿಯೇ ನಿಂತಿದ್ದಳು.